ಬ್ರೇಕ್ ಬಿಟ್ಟ ಮೇಲಿನ ಸಂಬಳ

ಫೆಬ್ರವರಿ 3

ಮಗಳೇ ಗುಂಡಿ,

ಫೋನಿನಲ್ಲಿ ನೀನು ಹೇಳಿದ್ದು ಅರ್ಧಂಬರ್ಧ ಕೇಳಿಸಿತು. ಮೂವತ್ತು ವರ್ಷ ಹೊಲಿಗೆ ಮಿಷಿನ್ನುಗಳ ಸದ್ದಿನ ನಡುವೆ ಕೂತ ಕಿವಿ, ಅದರ ಮೇಲೆ ಸಿಟ್ಟಾಗಿ ಏನು ಪ್ರಯೋಜನ. ನಮಗಿಬ್ಬರಿಗೂ ಕಾಗದವೇ ವಾಸಿ. ಕಾಗದ ಗೊಣಗುವುದಿಲ್ಲ, ಅವಸರದಲ್ಲಿ ಇಟ್ಟುಬಿಡುತ್ತೇನಮ್ಮ ಎನ್ನುವುದಿಲ್ಲ.

ಒಂದು ಮಾತು ಮಾತ್ರ ಚೆನ್ನಾಗಿ ಕೇಳಿಸಿತು. ಈ ತಿಂಗಳು ಸಂಬಳ ಎಷ್ಟು ಬಂತೇ ಎಂದು ಕೇಳಿದರೆ, "ಎಪ್ಪತ್ತೆರಡು ಗಂಟೆ ಬಂತಮ್ಮ" ಅಂದೆ. ನಾನು ಕೇಳಿದ್ದು ದುಡ್ಡು, ನೀನು ಹೇಳಿದ್ದು ಹೊತ್ತು. ನನ್ನ ಪಕ್ಕದ ಮಿಷಿನ್ನಿನವಳು, ಅಂಗಿಯ ತೋಳು ಹೊಲಿಯುವವಳು, ನಿನ್ನ ಸಂಬಳ ವಿಚಾರಿಸಿದಳು. ನಾನೂ ಎಪ್ಪತ್ತೆರಡು ಗಂಟೆ ಎಂದೆ. "ಅಯ್ಯೋ, ಅದು ನಮ್ಮ ಒಂದು ವಾರದ ದುಡಿಮೆ ಕಣೇ, ಪಾಪ" ಎಂದು ಮರುಗಿದಳು. ಜನ ನಿನ್ನನ್ನು ಕಂಡು ಮರುಗಲಿ ಎಂದು ನಾನು ಮನೆ ಪತ್ರ ಬ್ಯಾಂಕಿನಲ್ಲಿಟ್ಟು ನಿನಗೆ ವಿಮಾನ ಕಲಿಸಿದ್ದಲ್ಲ. ಸರಿಯಾಗಿ ಬಿಡಿಸಿ ಬರೆ. ಅವಳ ಬಾಯಿ ಮುಚ್ಚಿಸಬೇಕು.

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಮ್ಮ


ಫೆಬ್ರವರಿ 19

ಅಮ್ಮಾ,

ಹೋಟೆಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾವ ಊರು ಎಂದು ಕಿಟಕಿಯ ಪರದೆ ಸರಿಸಿ ನೋಡಬೇಕು, ಅಷ್ಟರಮಟ್ಟಿಗೆ ಎಲ್ಲ ಕೋಣೆಗಳೂ ಒಂದೇ.

ನಮ್ಮಲ್ಲಿ ಯಾರೂ ಸಂಬಳವನ್ನು ದುಡ್ಡಿನಲ್ಲಿ ಹೇಳುವುದಿಲ್ಲ. ನಿಲ್ದಾಣದಿಂದ ಹೋಟೆಲಿಗೆ ಕರೆದೊಯ್ಯುವ ವ್ಯಾನಿನಲ್ಲಿ ಕೂತ ಕೂಡಲೇ ಒಬ್ಬರು "ಎಷ್ಟಾಯ್ತು?" ಅನ್ನುತ್ತಾರೆ. ಇನ್ನೊಬ್ಬರು "ಅರವತ್ತೆಂಟು" ಅನ್ನುತ್ತಾರೆ. ಅಷ್ಟೇ. ಗಂಟೆಗೆ ಎಷ್ಟು ಎಂದು ಯಾರಾದರೂ ಬಾಯಿಬಿಟ್ಟು ಕೇಳಿದರೆ ವ್ಯಾನಿನಲ್ಲಿ ಎಲ್ಲರೂ ಕಿಟಕಿ ಕಡೆ ನೋಡುತ್ತಾರೆ. ಆದರೆ ಮಿಕ್ಕಿದ್ದನ್ನೆಲ್ಲ ಗಂಟೆಯಲ್ಲೇ ಅಳೆಯುತ್ತಾರೆ. ಒಬ್ಬರ ಮನೆ ಕಂತು ಮೂವತ್ತೊಂದು ಗಂಟೆ. ಒಬ್ಬರು ಐದು ಗಂಟೆಯ ಫ್ರಿಜ್ ತಂದರು. ಜ್ವರ ಬಂದು ಮಲಗಿದ್ದವರಿಗೆ ಹೇಗಿದ್ದೀರಿ ಎಂದು ಕೇಳಿದರೆ, "ಹದಿನಾಲ್ಕು ಹೋಯ್ತು" ಎಂದರು. ಅಪ್ಪ ತೀರಿಹೋದ ಒಬ್ಬ ಗೆಳೆಯನಿಗೆ ಹದಿನೆಂಟು ಹೋಯಿತು. ಅದನ್ನೂ ಹಾಗೇ ಹೇಳಿದ, ನಾವೂ ಹಾಗೇ ಕೇಳಿಸಿಕೊಂಡೆವು.

ಮೀಟರ್ ಇದೆಯಮ್ಮ, ಬಾಡಿಗೆ ಗಾಡಿಯ ಹಾಗೆ. ವಿಮಾನದ ಬಾಗಿಲುಗಳು ಮುಚ್ಚಿ, ನಿಲುಗಡೆಯ ಬ್ರೇಕ್ ಬಿಟ್ಟ ಕ್ಷಣ ಅದು ಶುರು. ಇನ್ನೊಂದು ಊರಿನಲ್ಲಿ ನಿಂತು ಬ್ರೇಕ್ ಹಾಕಿದ ಕ್ಷಣ ಬಂದ್. ಅದಕ್ಕೆ ಒಂದೂವರೆ ಗಂಟೆ ಮುಂಚೆ ಬಂದು ವಿಮಾನದ ಸುತ್ತ ನಡೆದು ನೋಡಿದ್ದು, ಮಂಜು ಕರಗಲಿ ಎಂದು ಮೂರು ಗಂಟೆ ಕಾದಿದ್ದು, ಯಾವುದಕ್ಕೂ ಕವಡೆ ಕಾಸು ಇಲ್ಲ. ಹಿಂದಿನಿಂದ ಗಾಳಿ ಬೀಸಿ ಬೇಗ ತಲುಪಿದರೆ ಪ್ರಯಾಣಿಕರು ಚಪ್ಪಾಳೆ ತಟ್ಟುತ್ತಾರೆ, ನಮಗೆ ಹೊಟ್ಟೆ ಉರಿ. ಇಳಿಯಲು ಜಾಗವಿಲ್ಲದೆ ಆಕಾಶದಲ್ಲಿ ಸುತ್ತು ಹೊಡೆಸಿದರೆ ಮುಖ ಗಂಭೀರ ಮಾಡಿಕೊಂಡು ಮೈಕಿನಲ್ಲಿ ಕ್ಷಮೆ ಕೇಳುತ್ತೇವೆ.

ಹಾಗಾಗಿ ಎಲ್ಲರೂ ಒಂದು ಕೆಲಸ ಮಾಡುತ್ತಾರೆ. ಬಾಗಿಲು ಮುಚ್ಚಿದೆ, ಹೊರಡಲು ಅಪ್ಪಣೆ ಬಂದಿಲ್ಲ ಎಂದಿಟ್ಟುಕೋ. ಕೆಳಗೆ ಚಕ್ರ ಉರುಳದಂತೆ ರಬ್ಬರಿನ ದಪ್ಪ ಅಡ್ಡಗಳನ್ನು ಕೊಟ್ಟಿರುತ್ತಾರೆ, ಚಾಕ್ಸ್ ಎನ್ನುತ್ತೇವೆ. ಅವು ಇರುವಾಗ ಬ್ರೇಕ್ ಬಿಟ್ಟರೂ ವಿಮಾನ ಅಲುಗಾಡುವುದಿಲ್ಲ. ಬಿಟ್ಟು ಕೂರುತ್ತಾರೆ. ಮೀಟರ್ ಓಡುತ್ತದೆ. ಒಮ್ಮೆಗೆ ನಾಲ್ಕೈದು ನಿಮಿಷ, ತಿಂಗಳಿಗೆ ಕೂಡಿದರೆ ಕೆಲವು ಗಂಟೆ. ಯಾರೂ ಇದನ್ನು ಬರೆದಿಟ್ಟಿಲ್ಲ, ಯಾರೂ ಕಲಿಸಿಲ್ಲ. ಮೊದಲ ವಾರದಲ್ಲೇ ಎಲ್ಲರಿಗೂ ಬಂದುಬಿಡುತ್ತದೆ.

ಮೊತ್ತವನ್ನು ಊರಿಗೆ ಬಂದಾಗ ಹೇಳುತ್ತೇನೆ. ಬರೆಯಲು ಕೈ ಓಡುವುದಿಲ್ಲ, ಅಭ್ಯಾಸ ತಪ್ಪಿದೆ.

ನಿನ್ನ ಗುಂಡಿ


ಮಾರ್ಚ್ 8

ಗುಂಡಿ,

ನಿನ್ನ ಕಾಗದ ಓದಿ ನಗು ತಡೆಯಲಾಗಲಿಲ್ಲ. ಮಗಳು ಹೆಗಲ ಮೇಲೆ ಮೂರು ಪಟ್ಟಿ ಹಾಕಿಕೊಂಡು ಮೋಡದ ಮೇಲೆ ಓಡಾಡುತ್ತಾಳೆ ಎಂದು ಬೀಗುತ್ತಿದ್ದೆ. ಕೊನೆಗೆ ನೀನೂ ನನ್ನ ಹಾಗೆ ತುಂಡಿನ ಕೂಲಿಯವಳೇ! ನಮಗೂ ಅಷ್ಟೇ, ಹೊಲಿದ ಕಾಲರ್ ಒಂದಕ್ಕೆ ಇಷ್ಟು. ದಾರ ಹರಿದು ಕೂತರೆ, ಕರೆಂಟು ಹೋಗಿ ಕೂತರೆ, ಎದ್ದು ನೀರು ಕುಡಿದು ಬಂದರೆ ಎಲ್ಲ ನಮ್ಮ ಖಾತೆಗೆ. ಪಕ್ಕದವಳಿಗೆ ಹೇಳಿದೆ. ಅವಳ ಮರುಕ ಇಳಿದು ಈಗ ನಿನ್ನನ್ನು ನಮ್ಮವಳು ಎನ್ನುತ್ತಿದ್ದಾಳೆ.

ಆ ಬ್ರೇಕಿನ ವಿಷಯ ಮಾತ್ರ ನನಗೆ ಅಷ್ಟು ಸರಿಬರಲಿಲ್ಲ. ಆದರೆ ನನಗೇನು ಗೊತ್ತು, ನಾನು ವಿಮಾನದ ಹೊಟ್ಟೆಯನ್ನು ನೆಲದಿಂದ ನೋಡಿದವಳು. ಎಲ್ಲರೂ ಮಾಡುತ್ತಾರೆ ಅಂದೆಯಲ್ಲ, ಇರಲಿ. ಮುಂದಿನ ವರ್ಷ ಕ್ಯಾಪ್ಟನ್ ಆಗುತ್ತೀಯಲ್ಲ, ಆಮೇಲಾದರೂ ಸ್ವಲ್ಪ ನಿದ್ದೆ ಮಾಡು.

ನಿನ್ನ ಅಮ್ಮ


ಮೇ 2

ಅಮ್ಮಾ,

ಏಪ್ರಿಲ್ ಪೂರ್ತಿ ಬರೆಯಲಿಲ್ಲ. ಹುಷಾರಾಗಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಏಪ್ರಿಲ್ ಹನ್ನೊಂದರಂದು ಬೆಳಗ್ಗೆ ನಾನು ಮೇಷ್ಟ್ರ ಜೊತೆ ಹಾರಬೇಕಿತ್ತು. ಅವರು ಕ್ಯಾಪ್ಟನ್, ನಮ್ಮಲ್ಲಿ ಅರ್ಧ ಜನಕ್ಕೆ ಕಲಿಸಿದವರು, ಅದಕ್ಕೇ ಆ ಹೆಸರು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಬಾಗಿಲು ಮುಚ್ಚಿತು. ಅಪ್ಪಣೆ ತಡವೆಂದರು. ಮೇಷ್ಟ್ರು ಬ್ರೇಕ್ ಬಿಟ್ಟರು. ಕೆಳಗಿನವರ ಜೊತೆ ಮಾತಾಡುವ ಪಾಳಿ ನನ್ನದು.

ಕೆಳಗೆ ವಿಮಾನದ ಮೂಗಿನಡಿಯ ಚಕ್ರದ ಹತ್ತಿರ ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿರುತ್ತಾರೆ. ಅದರ ತಂತಿ ವಿಮಾನಕ್ಕೆ ಸಿಕ್ಕಿಸಿರುತ್ತದೆ, ಅವರ ಮಾತು ನಮಗಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಕೇಳುವುದಿಲ್ಲ. ವಿಮಾನವನ್ನು ಹಿಂದಕ್ಕೆ ತಳ್ಳುವ ಗಾಡಿ ಬಂತು. ಗಾಡಿ ಸಿಕ್ಕಿಸಬೇಕಾದರೆ ಚಾಕ್ಸ್ ತೆಗೆಯಬೇಕು, ತೆಗೆಯುವ ಮುಂಚೆ ಬ್ರೇಕ್ ಹಾಕಿದೆಯಾ ಎಂದು ಅವರು ಕೇಳಬೇಕು. ಕೇಳಿದರು. ನಾನು ಹಾಕಿದೆ ಎಂದೆ. ಆ ಪ್ರಶ್ನೆಗೆ ಎಂದಿನ ಉತ್ತರ ಅದು. ಕಣ್ಣು ಬ್ರೇಕಿನ ಕಡೆ ಹೋಗುವ ಮುಂಚೆ ಬಾಯಿ ಹೇಳಿ ಮುಗಿಸಿತ್ತು.

ಆ ಜಾಗ ಸ್ವಲ್ಪ ಇಳಿಜಾರು. ವಿಮಾನ ಒಂದು ಮೊಳ ಉರುಳಿತು. ಮೇಷ್ಟ್ರು ಕಾಲಿನಿಂದ ಒತ್ತಿ ನಿಲ್ಲಿಸಿದರು. ಹೆಡ್‌ಫೋನಿನಲ್ಲಿ ಕೆಳಗಿದ್ದವರ ಉಸಿರು ಕೇಳಿಸಿತು, ಆಮೇಲೆ ತಂತಿ ಕಿತ್ತು ಬಂತು. ಚಕ್ರ ಅವರ ಎಡಪಾದದ ಮೇಲೆ ಹತ್ತಿತ್ತು, ಪಾದವನ್ನು ಉಳಿಸಲಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವರು.

ಕಾಕ್‌ಪಿಟ್ಟಿನ ಮಾತು ಹಿಡಿಯುವ ಪೆಟ್ಟಿಗೆಯಲ್ಲಿ ಕೊನೆಯ ಎರಡು ಗಂಟೆ ಮಾತ್ರ ಉಳಿಯುತ್ತದೆ. ಆ ಗದ್ದಲದಲ್ಲಿ ಅದನ್ನು ಯಾರೂ ನಿಲ್ಲಿಸಲಿಲ್ಲ, ನಮ್ಮ ಮಾತಿನ ಮೇಲೆ ಬೇರೆ ಮಾತು ತುಂಬಿಕೊಂಡಿದೆ. ಈಗ ವಿಚಾರಣೆ. ಮೇಷ್ಟ್ರು ಒಂದು ಹೇಳಿಕೆ ಬರೆದು ತಂದರು. ಬಿಸಿಯಾದ ಬ್ರೇಕ್ ತಣಿಯಲಿ ಎಂದು ಬಿಟ್ಟಿದ್ದೆವು, ಅದಕ್ಕೆ ನಿಯಮದಲ್ಲಿ ಅವಕಾಶವಿದೆ. ಕೆಳಗಿನವರು ಕೇಳದೆ ಚಾಕ್ಸ್ ತೆಗೆದರು, ಎಂದು ಅದರಲ್ಲಿದೆ. ಮೇಷ್ಟ್ರು ಸಹಿ ಹಾಕಿದ್ದಾರೆ. ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ. "ನಿಜ ಹೇಳಿದ್ರೆ ಅವರ ಕಾಲು ಬರಲ್ಲ. ನಿನ್ನ ಕೆಲಸ ಹೋಗುತ್ತೆ, ನನ್ನದು ಹೋಗುತ್ತೆ, ಎಲ್ಲರ ಮೀಟರಿಗೂ ಕಲ್ಲು ಬೀಳುತ್ತೆ" ಅಂದರು. ಗದರಿಸಲಿಲ್ಲ. ಇಳಿಯುವುದನ್ನು ಕಲಿಸುವಾಗ ಮಾತಾಡುತ್ತಿದ್ದಂತೆಯೇ ಮಾತಾಡಿದರು.

ಕೇಳದೆ ತೆಗೆದರು ಎಂದಾದರೆ ಕೆಳಗಿದ್ದವರಿಗೆ ಅವರ ಕಂಪನಿ ಪರಿಹಾರ ಕೊಡುವುದಿಲ್ಲ. ಹೇಳಿಕೆಯನ್ನು ಹತ್ತನೆಯ ತಾರೀಖಿನೊಳಗೆ ಕೊಡಬೇಕು. ನನಗೆ ಭಯವೂ ಆಗುತ್ತಿಲ್ಲ, ಏನೂ ಆಗುತ್ತಿಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿದ್ದೇನೆ.

ಗುಂಡಿ


ಮೇ 6

ಗುಂಡಿ,

ಕಾಗದ ಈಗ ತಾನೇ ಓದಿದೆ. ಕೂಡಲೇ ಬರೆಯುತ್ತಿದ್ದೇನೆ, ಹೆಚ್ಚು ದುಡ್ಡು ಕೊಟ್ಟು ಬೇಗ ಹೋಗುವ ಅಂಚೆಯಲ್ಲಿ ಹಾಕುತ್ತೇನೆ.

ಸಹಿ ಹಾಕು. ನಿನ್ನ ಮೇಷ್ಟ್ರು ಹೇಳಿದ ಹಾಗೆ ಮಾಡು. ಆ ಮನುಷ್ಯನಿಗೆ ಆದದ್ದಕ್ಕೆ ನನಗೂ ಸಂಕಟವಿದೆ, ಆದರೆ ಅವರು ನನ್ನ ಮಗ ಅಲ್ಲ, ನೀನು ನನ್ನ ಮಗಳು. ಬ್ಯಾಂಕಿನ ಕಂತು ಇನ್ನೂ ಒಂಬತ್ತು ವರ್ಷವಿದೆ. ನನ್ನ ಕಣ್ಣಿಗೆ ಈಗಲೇ ಸೂಜಿಯ ತೂತು ಸರಿಯಾಗಿ ಕಾಣುವುದಿಲ್ಲ. ನೀನು ಬೇಕೆಂದು ಮಾಡಿದ್ದಲ್ಲ. ಬೇರೆ ಯಾರ ಹತ್ತಿರವೂ ಬಾಯಿಬಿಡಬೇಡ. ಈ ಕಾಗದವನ್ನು ಹರಿದುಹಾಕು.

ಅಮ್ಮ


ಮೇ 31

ಅಮ್ಮಾ,

ಒಂಬತ್ತನೆಯ ತಾರೀಖು ಸಹಿ ಹಾಕಿದೆ. ಪೆನ್ನು ಮೇಷ್ಟ್ರದು.

ವಿಚಾರಣೆ ಮುಗಿಯುವವರೆಗೆ ನನ್ನನ್ನು ಹಾರಲು ಬಿಡುತ್ತಿಲ್ಲ. ದಿನವೂ ಕಚೇರಿಗೆ ಹೋಗಿ, ಹಳೆಯ ಕೈಪಿಡಿಗಳ ಪುಟ ತೆಗೆದು ಹೊಸ ಪುಟ ಸೇರಿಸುತ್ತೇನೆ. ಕಬ್ಬಿಣದ ಬೀರು, ಮೂರು ಕುರ್ಚಿ, ನೀರಿನ ಯಂತ್ರ. ಹಾರಿ ಬಂದವರು ಬಾಗಿಲಲ್ಲಿ ನಿಂತು ಸಮಾಧಾನ ಹೇಳುತ್ತಾರೆ. "ಎಷ್ಟು ಹೋಯ್ತು ಪಾಪ?" ಅನ್ನುತ್ತಾರೆ. ಎಪ್ಪತ್ತು ಅನ್ನುತ್ತೇನೆ. ಛೇ ಎಂದು ತಲೆ ಅಲ್ಲಾಡಿಸುತ್ತಾರೆ. ಕೆಳಗಿದ್ದವರ ಕಾಲಿನ ವಿಷಯವನ್ನು ಇಲ್ಲಿಯವರೆಗೆ ಇಬ್ಬರು ಕೇಳಿದ್ದಾರೆ. ಇಬ್ಬರೂ ಕೇಳಿದ ಮೇಲೆ ಮತ್ತೆ ನನ್ನ ಗಂಟೆಗೇ ಬಂದರು. ಕೆಟ್ಟವರಲ್ಲ. ಹೋದ ವರ್ಷ ಬೇರೆ ಯಾರಿಗೋ ಹೀಗಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಏಪ್ರಿಲ್ ತಿಂಗಳ ಸಂಬಳದ ಚೀಟಿ ಬಂತು. ಆ ದಿನದ ಎದುರು ಹನ್ನೊಂದು ನಿಮಿಷ ಎಂದಿದೆ. ವಿಮಾನ ಹೊರಡಲೇ ಇಲ್ಲ, ಆದರೆ ಬ್ರೇಕ್ ಬಿಟ್ಟಿದ್ದೆವಲ್ಲ. ಕೊಟ್ಟಿದ್ದಾರೆ. ಲೆಕ್ಕದವರಿಗೆ ಫೋನು ಮಾಡಿ ತೆಗೆದುಬಿಡಿ ಎಂದೆ. ಹಾಗೆಲ್ಲ ತೆಗೆಯಲು ಬರುವುದಿಲ್ಲ ಮೇಡಂ, ಯಂತ್ರ ಬರೆದದ್ದು ಎಂದರು.

ನಿನ್ನ ಕಾಗದ ಹರಿದುಹಾಕಿದೆ.

ಗುಂಡಿ


ಜುಲೈ 4

ಗುಂಡಿ,

ಒಂದು ತಿಂಗಳಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಫೋನು ಮಾಡಿದರೆ ಚೆನ್ನಾಗಿದ್ದೇನೆ ಎಂದು ಅದೇ ಪಾಠ ಒಪ್ಪಿಸುತ್ತೀಯ. ಇಲ್ಲಿ ಶಾಲೆಯ ಸಮವಸ್ತ್ರದ ದೊಡ್ಡ ಆರ್ಡರ್ ಬಂದಿದೆ. ದಿನಕ್ಕೆ ನೂರ ಎಂಬತ್ತು ಕಾಲರ್ ಹೊಲಿಯುತ್ತಿದ್ದೇನೆ, ಬೆನ್ನು ನನ್ನದೇ ಹೌದೋ ಅಲ್ಲವೋ ಎನ್ನುವ ಹಾಗಾಗಿದೆ. ಪಕ್ಕದವಳು ದಿನಾ ನಿನ್ನನ್ನು ಕೇಳುತ್ತಾಳೆ. ಏನು ಹೇಳಲಿ? ವಿಚಾರಣೆ ಏನಾಯಿತು, ಬರೆ.

ಅಮ್ಮ


ಜುಲೈ 27

ಅಮ್ಮಾ,

ವಿಚಾರಣೆ ಮುಗಿಯಿತು. ನಮ್ಮದು ತಪ್ಪಿಲ್ಲವಂತೆ. ಆಗಸ್ಟಿನಿಂದ ಹಾರಬಹುದು. ಕ್ಯಾಪ್ಟನ್ ಪಟ್ಟಿಯಲ್ಲಿ ನನ್ನ ಹೆಸರು ಇದ್ದಲ್ಲೇ ಇದೆ. ಕಾಲು ಕಳೆದುಕೊಂಡವರನ್ನು ಕೆಲಸದಿಂದ ತೆಗೆದರು, ಪರಿಹಾರ ಇಲ್ಲ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಯಾಕೆ ಹೋದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ, ಮುಂದೆ ಬಟ್ಟೆ ಒಣಗಿಸುವ ಹಗ್ಗ. ಅವರ ಹೆಂಡತಿ ಬಾಗಿಲು ತೆಗೆದರು, ಯಾರೆಂದು ಹೇಳಿದ ಮೇಲೆ ಕುರ್ಚಿ ಒರೆಸಿ ಕೊಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಗಂಡ ಮಂಚದ ಮೇಲೆ ಕೂತಿದ್ದರು, ಎಡಗಾಲಿಗೆ ದಿಂಬು ಕೊಟ್ಟಿದ್ದರು. ನನ್ನನ್ನು ನೋಡಿ ಏಳಲು ಹೋದರು, ಅಮ್ಮಾ. ಕೆಲಸದ ಜಾಗದಲ್ಲಿ ಪೈಲಟ್‌ಗಳು ಬಂದರೆ ಏಳುವುದು ಅವರಿಗೆ ರೂಢಿ.

ವಿಚಾರಣೆಯಲ್ಲಿ ಅವರು ಮೊದಲು ಕೇಳಿದ್ದೆ ಎಂದೇ ಹೇಳಿದ್ದರಂತೆ. ನಮ್ಮ ಹೇಳಿಕೆ ಓದಿ ಹೇಳಿದ ಮೇಲೆ ನೆನಪಿಲ್ಲ ಎಂದು ಬರೆದುಕೊಟ್ಟರಂತೆ. ಕಲಿತವರು ಇಬ್ಬರು ಒಂದೇ ಮಾತು ಹೇಳುವಾಗ ತನ್ನದೇ ತಪ್ಪಿರಬೇಕು ಎಂದರು. ಆಮೇಲೆ ಹೆಂಡತಿ ಒಳಗೆ ಹೋಗುವವರೆಗೆ ಕಾದು ಮಾತಾಡಿದರು.

"ದಿನಾ ಬೆಳಗ್ಗೆ ನೆನಪು ಮಾಡ್ಕೊಳ್ತೀನಿ ಮೇಡಂ. ಗಾಡಿ ಬಂತು. ಕೈ ತೋರಿಸಿ ನಿಲ್ಲಿಸ್ದೆ. ಆಮೇಲೆ ಬಗ್ಗಿದ್ದು ಗೊತ್ತು. ನಡುವೆ ಏನೂ ಸಿಗ್ತಿಲ್ಲ. ಇಪ್ಪತ್ತೆರಡು ವರ್ಷ ಒಂದು ದಿನ ಕೇಳದೆ ತೆಗೆದವನಲ್ಲ. ನಾನು ಕೇಳಿದ್ನಾ ಇಲ್ವಾ, ಅಷ್ಟು ಹೇಳಿ. ದುಡ್ಡಿಗೆ ಕೇಳ್ತಿಲ್ಲ."

ನಾನು ಹೊತ್ತಾಯಿತು ಎಂದು ಎದ್ದು ಬಂದೆ. ಬಾಡಿಗೆ ಕಾರಿನಲ್ಲಿ ಕೂತು, ಈ ಬಾಡಿಗೆ ನನಗೆ ಎಷ್ಟು ನಿಮಿಷದ್ದು ಎಂದು ಲೆಕ್ಕ ಹಾಕಿದೆ. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಗುಂಡಿ


ಆಗಸ್ಟ್ 5

ಮಗಳೇ,

ನಿನ್ನ ಕಾಗದವನ್ನು ಕಾರ್ಖಾನೆಗೆ ತೆಗೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಓದಿದೆ. ಆಮೇಲೆ ಮಿಷಿನ್ನಿನ ಮುಂದೆ ಕೂತೆ, ಕೈ ಆಡಲಿಲ್ಲ. ಮೇಲ್ವಿಚಾರಕ ಬಂದು ಹುಷಾರಿಲ್ವಾ ಎಂದು ಕೇಳಿದ. ಹೌದು ಎಂದೆ.

ಕೂತು ಒಂದೇ ಯೋಚನೆ ಮಾಡಿದೆ. ನಾನು ಹೊಲಿದ ಕಾಲರ್ ತಿರುವುಮುರುವಾಗಿದೆ ಎಂದು ಇಬ್ಬರು ದೊಡ್ಡವರು ಬಂದು ಹೇಳಿದರೆ, ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಸರಿಯಾಗಿದ್ದರೆ ಅವರ ಮುಖಕ್ಕೆ ಹಿಡಿಯುತ್ತೇನೆ. ಆ ಮನುಷ್ಯನ ಕೈಯಲ್ಲಿ ಬೆಳಕಿಗೆ ಹಿಡಿಯಲು ಏನಿದೆ? ಅವರು ಮಾಡಿದ ಕೆಲಸ ಒಂದು ಮಾತು. ಅದನ್ನು ಕೇಳಿಸಿಕೊಂಡವರು ಇಬ್ಬರು, ಇಬ್ಬರೂ ಇಲ್ಲ ಎಂದಿರಿ. ಇಪ್ಪತ್ತೆರಡು ವರ್ಷದ ಕೆಲಸವನ್ನೇ ಅವರಿಂದ ಕಿತ್ತುಕೊಂಡ ಹಾಗಾಯಿತು. ಕಾಲಿಗಿಂತ ಅದು ಹೆಚ್ಚು ಕಣೇ. ಕಾಲು ಹೋದದ್ದು ನಿನ್ನ ಬಾಯಿತಪ್ಪಿನಿಂದ. ಇದು ಹಾಗಲ್ಲ.

ಸಹಿ ಹಾಕು ಎಂದವಳು ನಾನು. ಹೆದರಿ ಹೇಳಿದೆ. ನೀನು ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ, ಅದೇ ನನಗೆ ಚುಚ್ಚುತ್ತಿದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮನೆ ಹೋದರೆ ಬಾಡಿಗೆ ಮನೆ ಹುಡುಕಿದರಾಯಿತು. ಸೂಜಿ ಪೋಣಿಸಿಕೊಡಲು ಪಕ್ಕದವಳಿದ್ದಾಳೆ. ಆದರೆ ಅಮ್ಮ ಹೇಳಿದಳು ಎಂದು ಏನೂ ಬರೆಯಬೇಡ. ಒಂದು ಸಲ ನನ್ನ ಮಾತು ಕೇಳಿ ಬರೆದದ್ದು ಸಾಕು.

ಈ ಕಾಗದ ಹರಿಯಬೇಡ.

ಅಮ್ಮ


ಆಗಸ್ಟ್ 22

ಅಣ್ಣ,

ನಾನು ಜುಲೈನಲ್ಲಿ ನಿಮ್ಮ ಮನೆಗೆ ಬಂದು, ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದು ಹೋದವಳು.

ಇವತ್ತು ಬೆಳಗ್ಗೆ ವಿಚಾರಣೆಯ ಕಚೇರಿಯಲ್ಲಿ ಹೊಸ ಹೇಳಿಕೆ ಕೊಟ್ಟೆ. ಮೂರು ಪುಟ. ಅದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ಅವರು ಹಾಕಿದ ಮೊಹರು ಇದೆ, ಜೋಪಾನವಾಗಿ ಇಟ್ಟುಕೊಳ್ಳಿ. ಬ್ರೇಕನ್ನು ನಾವು ಯಾಕೆ ಬಿಟ್ಟಿದ್ದೆವು ಎಂದೂ ಅದರಲ್ಲಿ ಬರೆದಿದ್ದೇನೆ. ನನ್ನ ಗುರುತಿನ ಚೀಟಿಯನ್ನು ಬಾಗಿಲಲ್ಲೇ ತೆಗೆದುಕೊಂಡರು. ಅಂದು ಜೊತೆಗಿದ್ದ ಕ್ಯಾಪ್ಟನ್‌ಗೆ, ನಮ್ಮ ಮೇಷ್ಟ್ರಿಗೆ, ನಿನ್ನೆಯೇ ಹೋಗಿ ತಿಳಿಸಿದ್ದೆ. ಅವರು ಗೇಟಿನವರೆಗೂ ಬಂದು ಬಿಟ್ಟುಹೋದರು. ನಿಮಗೆ ಪರಿಹಾರ ಸಿಗುತ್ತದೋ, ಎಂದು ಸಿಗುತ್ತದೋ ನನಗೆ ಗೊತ್ತಿಲ್ಲ. ಕೇಸು ಮತ್ತೆ ತೆರೆಯುತ್ತೇವೆ ಎಂದಿದ್ದಾರೆ. ಕರೆದಲ್ಲಿಗೆ ಬಂದು ಹೇಳುತ್ತೇನೆ.

ನೀವು ಕೇಳಿದ್ದಕ್ಕೆ ಮಾತ್ರ ಯಾವ ಕಚೇರಿಗೂ ಕಾಯಬೇಕಾಗಿಲ್ಲ. ಅದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಸಂಗತಿಯನ್ನು ನನ್ನ ಅಮ್ಮನಿಗೂ ತಿಳಿಸಿಲ್ಲ.

ನೀವು ಕೇಳಿದಿರಿ. ಎರಡು ಸಲ ಕೇಳಿದಿರಿ. ಮೊದಲ ಸಲ ಕೇಳಿದಾಗ ನಾವು ಸಂಬಳದ ಮಾತಾಡುತ್ತಿದ್ದೆವು. ಕ್ಯಾಪ್ಟನ್ ಆದ ಮೇಲೆ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ನಾನೇ ವಿಚಾರಿಸಿದ್ದೆ, ಮೇಷ್ಟ್ರು ಗಂಟೆಗಳನ್ನು ಕೂಡಿಸಿ ಹೇಳುತ್ತಿದ್ದರು. ನಿಮ್ಮ ದನಿ ಕಿವಿಗೆ ಬಿತ್ತು, ಆದರೆ ನಾನು ಉತ್ತರಿಸಲಿಲ್ಲ. ನೀವು ಕಾದಿರಿ. ಉತ್ತರ ಬಾರದೆ ನೀವು ಚಾಕ್ಸ್ ಮುಟ್ಟಲಿಲ್ಲ. ಆಮೇಲೆ "ಮೇಡಂ, ಬ್ರೇಕ್ ಹಾಕಿದೆಯಾ?" ಎಂದು ಇನ್ನೊಮ್ಮೆ ಕೇಳಿದಿರಿ, ಮೊದಲಿನಷ್ಟೇ ನಿಧಾನವಾಗಿ. ಮೇಷ್ಟ್ರ ಲೆಕ್ಕ ಕೊನೆಗೆ ಬಂದಿತ್ತು, ಮೊತ್ತ ಕೇಳಿಸದೆ ಹೋಗಬಾರದೆಂದು ನಾನು ಹಾಕಿದೆ ಎಂದುಬಿಟ್ಟೆ. ಹಾಕಿರಲಿಲ್ಲ. "ಸರಿ ಮೇಡಂ, ತೆಗೀತಿದೀನಿ" ಎಂದಿರಿ. ಅದಾದ ಮೇಲೆ ಬಗ್ಗಿದಿರಿ.

ಬೆಳಗ್ಗೆ ನೆನಪು ಮಾಡಿಕೊಳ್ಳುವಾಗ ನಡುವೆ ಇದನ್ನು ಸೇರಿಸಿಕೊಳ್ಳಿ.

ಅಂದು ಬಲಗಡೆಯ ಸೀಟಿನಲ್ಲಿದ್ದವಳು